ಹದಿನೇಳನೇ ಪುಟದ ಪದ

ತಂಗಿಗೆ ಆ ಪದ ಸಿಕ್ಕಿದ್ದು ಹದಿನೇಳನೇ ಪುಟದಲ್ಲಿ. ಸಿಕ್ಕಿತು ಎನ್ನುವುದಕ್ಕಿಂತ ಅಡ್ಡ ಬಂತು ಎನ್ನಬೇಕು. ಅಲ್ಲಿಯವರೆಗಿನ ಹದಿನಾರು ಪುಟಗಳನ್ನು ಅವಳು ಸಲೀಸಾಗಿ ದಾಟಿ ಬಂದಿದ್ದಳು. ಯಂತ್ರವನ್ನು ಗೋಡೆಯಿಂದ ಎಷ್ಟು ದೂರ ಇಡಬೇಕು, ನೀರಿನ ಬಾಟಲಿಯನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಹತ್ತಿರದಲ್ಲಿ ಬೆಂಕಿಕಡ್ಡಿ ಗೀರಬಾರದು. ಎಲ್ಲವೂ ನೇರ ಮಾತು. ಜಪಾನಿಯಿಂದ ತೆಗೆದು ತನ್ನ ಭಾಷೆಗೆ ಹಾಕುವುದು ಅವಳಿಗೆ ಬಟ್ಟೆ ಮಡಿಸಿಟ್ಟಷ್ಟೇ ಸುಲಭ. ಹದಿನೇಳಕ್ಕೆ ಬಂದಾಗ ಪುಟದ ನಡುವೆ 'ಹೋವ' ಎಂಬ ಪದ ಕಾಲು ಚಾಚಿ ಕೂತಿತ್ತು.

ಗೊತ್ತಿಲ್ಲದ ಪದವೇನಲ್ಲ. ಮೂವತ್ತು ವರ್ಷದ ಹಿಂದೆ, ಆ ಭಾಷೆಯ ಕಟ್ಟಕಡೆಯ ಪರೀಕ್ಷೆಗೆ ಕೂತಾಗ, ಉರು ಹೊಡೆದ ಕಷ್ಟದ ಪದಗಳಲ್ಲಿ ಇದೂ ಒಂದು. ಒಂದು ವಸ್ತು ಇನ್ನೊಂದನ್ನು ಇನ್ನು ಸಾಧ್ಯವೇ ಇಲ್ಲ ಎನ್ನುವಷ್ಟು ಹೀರಿಕೊಂಡಿರುವ ಸ್ಥಿತಿ. ಪರೀಕ್ಷೆಯಲ್ಲಿ ಅದು ಉಪ್ಪು ಮತ್ತು ನೀರಿನ ಮಾತಾಗಿತ್ತು. ಈ ಪುಸ್ತಿಕೆಯಲ್ಲಿ ರಕ್ತ ಮತ್ತು ಆಮ್ಲಜನಕದ ಮಾತು. ಉಸಿರಾಟದ ತೊಂದರೆ ಇರುವವರ ಮನೆಗಳಲ್ಲಿ ಇಡುವ ಯಂತ್ರದ ಪುಸ್ತಿಕೆ ಅದು. ಗಾಳಿಯಿಂದ ಆಮ್ಲಜನಕವನ್ನು ಸೋಸಿ ಮೂಗಿಗೆ ಕಳಿಸುವ ಯಂತ್ರ.

ಆ ಯಂತ್ರ ಅವಳಿಂದ ಆರು ಹೆಜ್ಜೆ ದೂರದಲ್ಲೇ ಗುಂಯ್ ಎನ್ನುತ್ತಿತ್ತು. ಬರೆಯುವವರು ಕಣ್ಣಾರೆ ನೋಡಿರಲಿ ಎಂದು ಕಂಪನಿಯವರು ಒಂದನ್ನು ಮನೆಗೇ ಕಳಿಸಿಕೊಟ್ಟಿದ್ದರು. ಅಣ್ಣನ ವೈದ್ಯರು ಫೋನಿನಲ್ಲಿ ತಂಗಿಯಿಂದ ವಿವರ ಕೇಳಿ, "ಸಿಲಿಂಡರ್ ಬದಲು ಇದನ್ನೇ ಹಾಕಿ. ಗುಂಡಿ ಎರಡರ ಮೇಲೆ ಇಡಿ. ಬೆರಳಿನ ಮೀಟರ್‌ನಲ್ಲಿ ಎಂಬತ್ತೆಂಟರಿಂದ ತೊಂಬತ್ತೆರಡರ ಒಳಗೆ ಇರಲಿ" ಎಂದಿದ್ದರು. ಹಾಗೆ ಐದು ದಿನದಿಂದ ಅಣ್ಣ ಕಿಟಕಿಯ ಪಕ್ಕದ ಮಂಚದಲ್ಲಿ, ಮೂಗಿಗೆ ತೆಳುವಾದ ನಳಿಗೆ ಸಿಕ್ಕಿಸಿಕೊಂಡು, ಕೆಳಗಿನ ರಸ್ತೆಯಲ್ಲಿ ಹೋಗಿಬರುವವರನ್ನು ನೋಡುತ್ತ ಕೂತಿರುತ್ತಿದ್ದ.

ಅಣ್ಣ ಕಲ್ಲಿಗೆ ಪಾಲಿಶ್ ಹಾಕುವವನು. ಇಪ್ಪತ್ತಾರು ವರ್ಷ ಒಂದೇ ಕಾರ್ಖಾನೆಯಲ್ಲಿ ಕಲ್ಲು ಕೊಯ್ದು, ಉಜ್ಜಿ, ಕನ್ನಡಿಯಾಗಿಸಿದವನು. ಊರಿನ ಎಷ್ಟೋ ಕಚೇರಿಗಳ ನೆಲದಲ್ಲಿ ಜನ ತಮ್ಮ ಮುಖ ತಾವೇ ನೋಡಿಕೊಂಡು ನಡೆಯುತ್ತಿದ್ದರೆ ಅದು ಅವನ ಕೈಕೆಲಸ. ಕಲ್ಲಿನ ಪುಡಿ ಮಾತ್ರ ಅವನ ಎದೆಯಲ್ಲಿ ಉಳಿಯಿತು. ಅರವತ್ತು ತುಂಬುವ ಮೊದಲೇ ಮೆಟ್ಟಿಲು ಹತ್ತುವುದು ನಿಂತಿತು, ಆಮೇಲೆ ನಡೆಯುವುದು, ಈಗ ಒಂದು ವಾಕ್ಯ ಮುಗಿಸಲು ಎರಡು ಸಲ ನಿಲ್ಲಬೇಕು. ತಮಾಷೆ ಮಾಡುವ ಚಟ ಮಾತ್ರ ಬಿಟ್ಟಿರಲಿಲ್ಲ.

ತಂಗಿ ಕಂಪನಿ ಕೊಟ್ಟಿದ್ದ ಪದಪಟ್ಟಿ ತೆರೆದಳು. ಹೋವ ಎಂಬುದರ ಎದುರಿಗೆ 'ಪರ್ಯಾಪ್ತತೆ' ಎಂದಿತ್ತು. ಪಂಡಿತರು ಒಪ್ಪಿದ ಪದ. ತಪ್ಪೆಂದು ಯಾರೂ ಬೆರಳು ತೋರಿಸುವಂತಿಲ್ಲ. ಅವಳು ಬರೆದಳು: 'ರಕ್ತದ ಆಮ್ಲಜನಕ ಪರ್ಯಾಪ್ತತೆಯು ನಿಗದಿತ ಗುರಿಮಿತಿಯನ್ನು ಅತಿಕ್ರಮಿಸದಂತೆ ಹರಿವಿನ ದರವನ್ನು ನಿಯಂತ್ರಿಸತಕ್ಕದ್ದು.'

ಬರೆದು, ಒಂದು ಸಲ ಬಾಯಿಬಿಟ್ಟು ಓದಿದಳು. ವಾಕ್ಯ ಇಸ್ತ್ರಿ ಹಾಕಿದ ಹಾಗೆ ನಿಂತಿತ್ತು. ಅವಳಿಗೆ ಖುಷಿಯಾಯಿತು.

"ಏನೇ ಪಂಡಿತೆ, ಅದ್ಯಾರು ಪರ್ಯಾಪ್ತತೆ?" ಅಣ್ಣ ಮಂಚದಿಂದಲೇ ಕೇಳಿದ. "ಯಾರೋ ದೊಡ್ಡ ಮನುಷ್ಯರ... ಹೆಂಡತಿ ಹೆಸರಿದ್ದ ಹಾಗಿದೆ."

"ನೀನು ಸುಮ್ಮನಿರು. ಅತ್ತಿಗೆ, ಇಲ್ಲಿ ಬನ್ನಿ, ಇದನ್ನ ಸ್ವಲ್ಪ ಕೇಳಿ."

ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ತಂಗಿಗೆ ಹನ್ನೆರಡು ವರ್ಷವಾಗಿದ್ದಾಗ ಈ ಮನೆಗೆ ಬಂದವಳು. ಅಂದು 'ಮರಿ' ಎಂದು ಕರೆದದ್ದು ಇಂದು ತಂಗಿಯ ತಲೆ ನರೆತರೂ ಬದಲಾಗಿರಲಿಲ್ಲ. ಅಣ್ಣನ ಊಟ, ಸ್ನಾನ, ಔಷಧಿ, ಯಂತ್ರ ಎಲ್ಲ ಅವಳದೇ ಕೈಯಲ್ಲಿ. ತಂಗಿ ಹದಿನೇಳನೇ ಪುಟವನ್ನು ಮೇಲಿನಿಂದ ಕೆಳಗೆ ಓದಿ ಹೇಳಿದಳು, ಗುರಿಮಿತಿ ಎಂಬತ್ತೆಂಟರಿಂದ ತೊಂಬತ್ತೆರಡು ಎಂಬುದನ್ನೂ ಸೇರಿಸಿ.

"ಅರ್ಥ ಆಯ್ತಲ್ಲ ಅತ್ತಿಗೆ?"

"ಆಯ್ತು ಆಯ್ತು. ತುಂಬ ಚೆನ್ನಾಗಿ ಬರೆದಿದೀಯ ಮರಿ," ಎಂದು ಅತ್ತಿಗೆ ತಲೆದೂಗಿ ಒಲೆಯ ಮೇಲಿಟ್ಟದ್ದನ್ನು ನೋಡಲು ಹೋದಳು.

ಮರುದಿನ ಹನ್ನೊಂದರ ಹೊತ್ತಿಗೆ ತಂಗಿ ಕಂಪನಿಯ ಕಚೇರಿಗೆ ಹೊರಟಳು. ಅಲ್ಲಿ ಭಾಷಾಂತರದ ಕೆಲಸ ನೋಡಿಕೊಳ್ಳುವ ಸಂಪಾದಕರೊಬ್ಬರಿದ್ದರು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವ ಮನುಷ್ಯ. ಪ್ರತಿ ಪುಟಕ್ಕೂ ಪದಪಟ್ಟಿ ಪಕ್ಕಕ್ಕಿಟ್ಟುಕೊಂಡು ಟಿಕ್ ಹಾಕುತ್ತ ಹೋದರು. ಹದಿನೇಳನೇ ಪುಟಕ್ಕೆ ಬಂದಾಗ "ಭೇಷ್" ಎಂದರು. ಅಲ್ಲೇ ಮಧ್ಯಾಹ್ನವಾಯಿತು. ತಂಗಿ ಬಸ್ಸು ಹಿಡಿದು ಮನೆ ಸೇರಿದಾಗ ನಾಲ್ಕಾಗುತ್ತ ಬಂದಿತ್ತು.

ಅತ್ತಿಗೆ ಬಾಗಿಲಲ್ಲೇ ಬಾಯಿಗೆ ಬೆರಳಿಟ್ಟು ತೋರಿಸಿದಳು. "ಮೆತ್ತಗೆ. ಎಷ್ಟು ದಿನದ ಮೇಲೆ ಹೀಗೆ ನಿದ್ದೆ ಮಾಡ್ತಿದಾರೆ ಗೊತ್ತಾ? ಒಂದು ಗಂಟೆಗೆ ಮಲಗಿದ್ದು, ಹೊರಳೇ ಇಲ್ಲ."

ಅಣ್ಣನ ಮುಖ ಕೆಂಪಗಾಗಿತ್ತು. ಎಷ್ಟೋ ತಿಂಗಳಿಂದ ಬೂದಿ ಬಣ್ಣವಾಗಿದ್ದ ಮುಖಕ್ಕೆ ಬಂದ ಆ ಕೆಂಪು ನೋಡಿ ತಂಗಿಗೂ ಒಂದು ಕ್ಷಣ ಹಿತವಾಯಿತು. ಹತ್ತಿರ ಹೋದಳು. ಉಸಿರು ಇತ್ತು, ಆದರೆ ಬಹಳ ನಿಧಾನ, ಬಹಳ ಮೇಲುಮೇಲೆ. ಮೀಟರಿನಲ್ಲಿ ತೊಂಬತ್ತೆಂಟು.

"ಅಣ್ಣ."

ಅವನು ಏಳಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದಳು. ತುಟಿ ಏನೋ ಗೊಣಗಿತು, ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು. ಎತ್ತಿ ಹಿಡಿದ ಕೈ ಬೆರಳುಗಳು ತಾವಾಗಿಯೇ ಪಟಪಟನೆ ನಡುಗಿದವು.

ತಂಗಿ ಯಂತ್ರದ ಕಡೆ ತಿರುಗಿದಳು. ಗುಂಡಿ ಐದರ ಮೇಲಿತ್ತು.

"ಅತ್ತಿಗೆ, ಇದನ್ನ ಯಾರು ತಿರುಗಿಸಿದ್ದು?"

"ನಾನೇ. ಬೆಳಿಗ್ಗೆ ನೀನು ಹೋದ ಮೇಲೆ ಎಂಬತ್ತಾರಕ್ಕೆ ಇಳಿದಿತ್ತು. ಸ್ವಲ್ಪ ಸ್ವಲ್ಪವೇ ಹೆಚ್ಚು ಮಾಡಿದೆ. ಎಷ್ಟು ಚೆನ್ನಾಗಿ ಏರಿತು ನೋಡು, ತೊಂಬತ್ತೆಂಟು!" ಅತ್ತಿಗೆಯ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ತಂಗಿಯ ಮುಖ ನೋಡುತ್ತ ನೋಡುತ್ತ ಅದು ಆರಿಹೋಯಿತು.

ತಂಗಿ ಗುಂಡಿಯನ್ನು ಎರಡಕ್ಕೆ ತಂದು ಆಂಬುಲೆನ್ಸಿಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಅಣ್ಣನ ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ ಒಳಗೆ ಕರೆದುಕೊಂಡು ಹೋದರು. ಒಂದು ಗಂಟೆಯ ಮೇಲೆ ವೈದ್ಯರು ಹೊರಗೆ ಬಂದರು. ಬೈಯುವ ಮನುಷ್ಯರಲ್ಲ. ಬೈದಿದ್ದರೆ ವಾಸಿಯಿತ್ತೇನೋ.

"ಅವರ ಶ್ವಾಸಕೋಶಕ್ಕೆ ಕೆಟ್ಟ ಗಾಳೀನ ಹೊರಗೆ ಹಾಕೋ ಶಕ್ತಿ ಇಲ್ಲಮ್ಮ. ಅಂಥವರಿಗೆ ಆಮ್ಲಜನಕ ಜಾಸ್ತಿ ಕೊಟ್ರೆ ಕೆಟ್ಟದ್ದು ಒಳಗೇ ಉಳಿದುಬಿಡುತ್ತೆ. ಮಂಪರು ಬರುತ್ತೆ. ನೋಡೋರಿಗೆ ಸುಖವಾದ ನಿದ್ದೆ ಹಾಗೆ ಕಾಣುತ್ತೆ. ಅದಕ್ಕೇ ತೊಂಬತ್ತೆರಡು ದಾಟಬಾರದು ಅಂದಿದ್ದು. ಮನೇಲಿ ನೋಡ್ಕೊಳ್ಳೋರಿಗೆ ಹೇಳಿರಲಿಲ್ವಾ?"

"ಹೇಳಿದ್ದಳು," ಅತ್ತಿಗೆ ತಟಕ್ಕನೆ ಅಂದಳು. "ನಿನ್ನೆ ತಾನೇ ಓದಿ ಹೇಳಿದ್ದಳು. ತಪ್ಪು ನನ್ನದೇ."

ವೈದ್ಯರು ಒಳಗೆ ಹೋದರು. ಕಾರಿಡಾರಿನ ಉದ್ದದ ಬೆಂಚಿನ ಮೇಲೆ ಇಬ್ಬರೂ ಕೂತರು. ಎದುರಿನ ಗೋಡೆಗೆ ಹೊಸದಾಗಿ ಹಸಿರು ಬಣ್ಣ ಹೊಡೆದಿದ್ದರು. ಅದರ ವಾಸನೆ ಇನ್ನೂ ಹೋಗಿರಲಿಲ್ಲ. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಅತ್ತಿಗೆ, ನಿಜ ಹೇಳಿ. ನಾನು ಓದಿದ್ದು ನಿಮಗೆ ಅರ್ಥ ಆಗಿತ್ತಾ?"

ಅತ್ತಿಗೆ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು.

"ಇಲ್ಲ ಮರಿ," ಎಂದಳು. "ಎಂಬತ್ತೆಂಟು, ತೊಂಬತ್ತೆರಡು ಅನ್ನೋದಷ್ಟೇ ಕಿವಿಗೆ ಬಿತ್ತು. ತೊಂಬತ್ತೆರಡಕ್ಕೆ ಪಾಸು, ಅದಕ್ಕಿಂತ ಜಾಸ್ತಿ ಬಂದ್ರೆ ಫಸ್ಟ್ ಕ್ಲಾಸು ಅಂದ್ಕೊಂಡೆ."

"ಮತ್ತೆ ಆಯ್ತು ಅಂದ್ರಲ್ಲ?"

"ಏನು ಅನ್ನಲಿ? ನೀನು ಬೆಳಗಿಂದ ಕೂತು ಅಷ್ಟು ಕಷ್ಟಪಟ್ಟು ಬರೆದಿದ್ದೆ. ಮುಖ ಅಷ್ಟು ಅರಳಿತ್ತು. ನನಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ ಅಂತ ಹೇಗೆ ಹೇಳಲಿ?"

ಮೂವತ್ತು ವರ್ಷ ತಂಗಿ ಪದಗಳನ್ನು ತಿಂದು ಬದುಕಿದವಳು. ಪಂಪಿನ ಪುಸ್ತಿಕೆ, ಹೊಲಿಗೆ ಯಂತ್ರದ ಪುಸ್ತಿಕೆ, ಬಾಯ್ಲರಿನ ಪುಸ್ತಿಕೆ. ಎಷ್ಟು ಮನೆಗಳಲ್ಲಿ, ಎಷ್ಟು ಕಾರ್ಖಾನೆಗಳಲ್ಲಿ ಯಾರೋ ಹೀಗೆಯೇ ತಲೆದೂಗಿ ಪುಸ್ತಿಕೆ ಮುಚ್ಚಿಟ್ಟಿರಬಹುದು ಎಂದು ಆ ಬೆಂಚಿನ ಮೇಲೆ ಕೂತು ಮೊದಲ ಸಲ ಯೋಚಿಸಿದಳು. ಅತ್ತಿಗೆಯ ಕೈ ಹಿಡಿದುಕೊಂಡು, "ತಪ್ಪು ನಿಮ್ಮದಲ್ಲ. ನಾನು ನಿಮಗೆ ಹೇಳಲೇ ಇಲ್ಲ. ಪದಪಟ್ಟಿಗೆ ಹೇಳಿದೆ ಅಷ್ಟೆ," ಎಂದಳು.

ನಾಲ್ಕು ದಿನದ ಮೇಲೆ ಅಣ್ಣ ಮನೆಗೆ ಬಂದ. ಮಾಸ್ಕಿನ ಪಟ್ಟಿ ಒತ್ತಿ ಮೂಗಿನ ಮೇಲೆ ಗಾಯವಾಗಿತ್ತು. ದನಿ ಇನ್ನೂ ಇಳಿದಿತ್ತು. ಮಂಚದ ಮೇಲೆ ಒರಗಿದವನೇ ಹೆಂಡತಿಯ ಕಡೆ ನೋಡಿ, "ಫಸ್ಟ್ ಕ್ಲಾಸ್... ಬಂದಿತ್ತಂತೆ ನನಗೆ. ಹುಟ್ಟಿದಾಗಿನಿಂದ... ಇದೇ ಮೊದಲು," ಎಂದ. ಅತ್ತಿಗೆ ನಗಲು ಹೋಗಿ ಅತ್ತುಬಿಟ್ಟಳು.

ಮರುದಿನ ಬೆಳಿಗ್ಗೆ ತಂಗಿ ಮೇಜನ್ನು ಬಿಟ್ಟು ಹಾಳೆಗಳ ಸಮೇತ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅತ್ತಿಗೆಯನ್ನೂ ಕೂರಿಸಿಕೊಂಡಳು.

"ಒಂದೊಂದೇ ಮಾತು ಹೇಳ್ತೀನಿ. ಅರ್ಥ ಆಗದಿದ್ರೆ ಇಲ್ಲ ಅನ್ನಿ. ನನ್ನ ಮುಖ ನೋಡಬೇಡಿ."

ಮೊದಲ ದಿನ ಅತ್ತಿಗೆ ಸಂಕೋಚದಿಂದ ಇಲ್ಲ ಅನ್ನಲು ಹಿಂದೆಮುಂದೆ ನೋಡಿದಳು. ಎರಡನೇ ದಿನಕ್ಕೆ ಧೈರ್ಯ ಬಂತು. ಮೂರನೇ ದಿನ "ಇದೇನು ಕೋರ್ಟಿನ ಕಾಗದ ಓದಿದ ಹಾಗೆ!" ಎಂದು ಮೂಗು ಮುರಿದಳು. 'ಹರಿವಿನ ದರ' ಹೋಗಿ 'ಗುಂಡಿ ಎಷ್ಟರ ಮೇಲಿದೆ' ಎಂದಾಯಿತು. 'ನಿಯಂತ್ರಿಸತಕ್ಕದ್ದು' ಎಂಬುದು ಎಲ್ಲಿ ಹೋಯಿತೋ ಯಾರೂ ಹುಡುಕಲಿಲ್ಲ. ಹಾಗೆ ಬಂದು ಬಂದು ಮತ್ತೆ ಹದಿನೇಳನೇ ಪುಟದಲ್ಲಿ ನಿಂತರು.

"ಆ ಜಪಾನಿನವರು... ಹೇಗೆ ಬರೀತಾರೆ ಅದನ್ನ?" ಅಣ್ಣ ಕೇಳಿದ.

ತಂಗಿ ಹಾಳೆಯ ಮೇಲೆ ದೊಡ್ಡದಾಗಿ ಎರಡು ಚಿತ್ರಾಕ್ಷರ ಬರೆದು ತೋರಿಸಿದಳು. "ಇದು ಮೊದಲನೇದು. ಎಡಗಡೆ ಇರೋದು ಊಟ. ಬಲಗಡೆ, ಸುತ್ತಿ ಕಟ್ಟೋದು. ಎರಡೂ ಸೇರಿದ್ರೆ ಹೊಟ್ಟೆ ತುಂಬೋದು ಅಂತ. ಆದರೆ ಅದೇ ಅಕ್ಷರಕ್ಕೆ ಇನ್ನೊಂದು ಅರ್ಥವೂ ಇದೆ, ಬೇಸರ ಬರೋದು. ತಿಂದು ತಿಂದು ಇನ್ನು ಬೇಡ ಅನ್ನಿಸುತ್ತಲ್ಲ, ಅದು."

"ಅದಕ್ಕೇನು ಅಷ್ಟೊಂದು?" ಅತ್ತಿಗೆ ಅಂದಳು. "ಸಾಕು ಅಂತಾರಪ್ಪ ಅದಕ್ಕೆ. ಹೊಟ್ಟೆ ತುಂಬಿದ್ರೂ ಸಾಕು, ತಲೆ ಚಿಟ್ಟು ಹಿಡಿದ್ರೂ ಸಾಕು."

ತಂಗಿ ಪೆನ್ನು ಹಿಡಿದುಕೊಂಡು ಅತ್ತಿಗೆಯ ಮುಖವನ್ನೇ ನೋಡಿದಳು. ತಾನು ಮೂರು ಶಬ್ದಕೋಶ ತಿರುವಿ ಹಾಕಿದ್ದಳು. ಈ ಮಾತು ದಿನಕ್ಕೆ ಹತ್ತು ಸಲ ಈ ಮನೆಯಲ್ಲೇ, ಸೌಟು ಹಿಡಿದು ಬಂದ ಅತ್ತಿಗೆಗೆ ತಾನೇ ಹೇಳುತ್ತಿದ್ದ ಮಾತು.

"ಎರಡನೇದು?" ಅಣ್ಣ ಕೇಳಿದ.

"ಎರಡನೇದು ಸಮಾಧಾನ. ಜಗಳ ಇಲ್ಲದೆ ಹೊಂದಿಕೊಂಡಿರೋದು."

ಅಣ್ಣ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದ. ಆಮೇಲೆ, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳುವವನಂತೆ, "ಆ ಹಳೇ ಪುಸ್ತಕದಲ್ಲಿ ಏನಿತ್ತು?" ಎಂದ.

ತಂಗಿಗೆ ಯಾವ ಪುಸ್ತಕವೆಂದು ಕೇಳಬೇಕಾಗಿರಲಿಲ್ಲ. ಅವಳು ಶಾಲೆಯಲ್ಲಿದ್ದಾಗ ಅಣ್ಣನ ಕಾರ್ಖಾನೆಗೆ ಜಪಾನಿನಿಂದ ಕಲ್ಲು ಕೊಯ್ಯುವ ಯಂತ್ರ ಬಂದಿತ್ತು. ಅದರ ಜೊತೆಗೆ ಬಂದ ಪುಸ್ತಕ ಅಲ್ಲಿ ಯಾರಿಗೂ ಬೇಡವಾಗಿ ಅಣ್ಣ ಮನೆಗೆ ತಂದ. ಚಿತ್ರಗಳಂತಿದ್ದ ಅಕ್ಷರಗಳನ್ನು ಅವಳು ರಜೆಯಲ್ಲಿ ಕೂತು ನಕಲು ಮಾಡಿದಳು. ಆ ಹುಚ್ಚು ನೋಡಿಯೇ ಅಣ್ಣ ಅವಳನ್ನು ಸಂಜೆ ತರಗತಿಗೆ ಸೇರಿಸಿದ್ದು. ಓದಲು ಬಂದ ಮೇಲೆ ಒಂದು ದಿನ ಅದನ್ನು ತೆರೆದಳು. ಎರಡನೇ ಪುಟದಲ್ಲೇ, ಕೆಂಪು ಚೌಕದೊಳಗೆ, ನೀರು ಹಾಯಿಸದೆ ಕಲ್ಲು ಕೊಯ್ಯಬೇಡಿ, ಮೂಗು ಬಾಯಿ ಮುಚ್ಚಿಕೊಳ್ಳದೆ ಹತ್ತಿರ ನಿಲ್ಲಬೇಡಿ ಎಂದಿತ್ತು. ಅಷ್ಟು ಹೊತ್ತಿಗೆ ಅಣ್ಣ ಹನ್ನೊಂದು ವರ್ಷ ಹತ್ತಿರ ನಿಂತಿದ್ದ. ಅವಳು ಆ ದಿನವೇ ಅಣ್ಣನಿಗೆ ದಪ್ಪ ಬಟ್ಟೆಯ ಮುಖವಾಡ ಹೊಲಿದುಕೊಟ್ಟಳು. ಏಕೆಂದು ಮಾತ್ರ ಹೇಳಲಿಲ್ಲ. ಪುಸ್ತಕವನ್ನು ಕಪಾಟಿನ ತಳಕ್ಕೆ ಹಾಕಿದಳು.

ಈಗ ಹೇಳಿದಳು. ತಲೆ ತಗ್ಗಿಸಿಕೊಂಡು, ಒಂದೂ ಬಿಡದೆ ಹೇಳಿದಳು.

"ಗೊತ್ತಿತ್ತು ಕಣೇ," ಅಣ್ಣ ಅಂದ.

"ಗೊತ್ತಿತ್ತಾ?"

"ಯಂತ್ರ ಕೂರಿಸೋಕೆ ಬಂದಿದ್ನಲ್ಲ, ಆ ಇಂಜಿನಿಯರು... ಅವನು ಮುಖಕ್ಕೆ ಕಟ್ಕೊಂಡೇ ನಿಲ್ತಿದ್ದ. ನಮಗೂ ತೋರಿಸ್ತಿದ್ದ, ಹೀಗೆ ಹೀಗೆ ಅಂತ. ನಾವು... ನಗ್ತಿದ್ವಿ. ಮದುಮಗಳ ಹಾಗೆ... ಮುಖ ಮುಚ್ಕೋತಾನೆ ಅಂತ." ಅವನು ಉಸಿರಿಗಾಗಿ ನಿಂತ. "ನೀನು ಹೊಲಿದುಕೊಟ್ಟದ್ದನ್ನೂ ನಾನು... ಗೇಟಿನ ಹತ್ತಿರ ಜೇಬಿಗೆ ಹಾಕ್ತಿದ್ದೆ."

ಯಂತ್ರದ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು.

"ಇನ್ನೊಂದು ಮಾತು," ಅಣ್ಣ ಮತ್ತೆ ಅಂದ. "ಇನ್ನೊಂದು ಸಲ ಹಾಗಾದ್ರೆ... ಆಸ್ಪತ್ರೆ ಬೇಡ. ಆ ಮಾಸ್ಕು ಬೇಡ. ನನಗೂ ಸಾಕು."

"ಏನು ಮಾತು ಅಂತ ಆಡ್ತೀರಿ!" ಅತ್ತಿಗೆಗೆ ಸಿಟ್ಟು ನೆತ್ತಿಗೇರಿತು. "ನನ್ನ ಮೇಲಿನ ಕೋಪಕ್ಕೆ ಹೇಳ್ತಿದೀರಾ? ನಾನು ಮಾಡಿದ ಕೆಲಸಕ್ಕೆ ಬೇಸರ ಬಂತಾ ನಿಮಗೆ?"

"ನಿನ್ನ ಮೇಲೆ ಎಂಥ ಕೋಪ? ನೀನು ಬಡಿಸೋದೇ ಹಾಗೆ... ಯಾವತ್ತೂ ಒಂದು ಸೌಟು ಜಾಸ್ತಿ." ಅವನು ಕೈ ಚಾಚಿದ. ಅತ್ತಿಗೆ ಹಿಡಿದುಕೊಂಡಳು. "ಬೇಸರ ಇಲ್ಲ ಅನ್ನಲ್ಲ. ಆದರೆ ಹೊಟ್ಟೆ ತುಂಬಿದೆ... ಅದೂ ನಿಜ."

ಅತ್ತಿಗೆ ಒಪ್ಪಲಿಲ್ಲ. ಎರಡು ದಿನ ಅವನ ಜೊತೆ ಸರಿಯಾಗಿ ಮಾತೂ ಆಡಲಿಲ್ಲ. ಮೂರನೇ ದಿನ ತಾನೇ ವೈದ್ಯರಿಗೆ ಫೋನ್ ಮಾಡಿ, ಅವನು ಹೇಳಿದ್ದನ್ನು ಹೇಳಿ, ಹಾಗಾದರೆ ಮನೆಯಲ್ಲಿ ಏನೇನು ಮಾಡಬೇಕು ಎಂದು ಕೇಳಿ, ಕೇಳಿದ್ದನ್ನು ಮತ್ತೆ ಅವರಿಗೇ ಒಪ್ಪಿಸಿ, ಸರಿಯೇ ಎಂದು ಖಚಿತ ಮಾಡಿಕೊಂಡು ಫೋನ್ ಇಟ್ಟಳು. ಯಾರಿಗೂ ಏನೂ ಹೇಳದೆ ಅಡುಗೆಮನೆಗೆ ಹೋದಳು.

ಪುಸ್ತಿಕೆ ಮುಗಿಯಿತು. ಸಂಪಾದಕರು ಹೊಸ ಹದಿನೇಳನೇ ಪುಟ ಓದಿ ಕನ್ನಡಕ ಹಣೆಗೇರಿಸಿದರು. ಅಲ್ಲಿ ಹೀಗಿತ್ತು: 'ರಕ್ತದಲ್ಲಿ ಆಮ್ಲಜನಕ ಎಷ್ಟು ತುಂಬಿದೆ ಎಂದು ಈ ಸಂಖ್ಯೆ ತೋರಿಸುತ್ತದೆ. ಹೆಚ್ಚು ಬಂದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ನಿಮ್ಮ ವೈದ್ಯರು ಹೇಳಿದಷ್ಟು ಬಂದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಕೆಲವರಿಗೆ ಪ್ರಾಣಕ್ಕೇ ಅಪಾಯ. ವೈದ್ಯರನ್ನು ಕೇಳದೆ ಗುಂಡಿ ತಿರುಗಿಸಬೇಡಿ. ರೋಗಿ ಎಬ್ಬಿಸಿದರೂ ಏಳದಷ್ಟು ನಿದ್ದೆ ಹೋದರೆ ಅದು ನಿದ್ದೆಯಲ್ಲ. ಕೂಡಲೇ ಫೋನ್ ಮಾಡಿ.'

"ಇದೇನಮ್ಮ, ಅಡುಗೆ ಪುಸ್ತಕ ಇದ್ದ ಹಾಗಿದೆ. ಸಾಕು ಅಂದ್ರೆ? ಪದಪಟ್ಟಿಯಲ್ಲಿ ಪರ್ಯಾಪ್ತತೆ ಅಂತ ಸ್ಪಷ್ಟವಾಗಿ ಕೊಟ್ಟಿದೆಯಲ್ಲ. ನಿಮ್ಮಂಥವರೇ ಹೀಗೆ ಮಾಡಿದ್ರೆ?"

ತಂಗಿ ಅಂದು ಅತ್ತಿಗೆಯನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಳು. ಅಣ್ಣನ ಬಳಿ ಪಕ್ಕದ ಮನೆಯ ನಿವೃತ್ತ ನರ್ಸ್ ಕೂತಿದ್ದರು. ಅತ್ತಿಗೆ ಜೀವಮಾನದಲ್ಲಿ ಅಂಥ ಕಚೇರಿಯ ಕುರ್ಚಿಯಲ್ಲಿ ಕೂತವಳಲ್ಲ, ತುದಿಯಲ್ಲಿ ಕೂತಿದ್ದಳು. ಆದರೂ ಹಳೆಯ ಪುಟವನ್ನು ಕೈಗೆತ್ತಿಕೊಂಡು ಹೇಳಿದಳು:

"ಸಾರ್, ಇದನ್ನ ಕೇಳಿ ನಾನು ಆಯ್ತು ಆಯ್ತು ಅಂದೆ. ಮಾರನೇ ದಿನ ನನ್ನ ಗಂಡನಿಗೆ ಐದರ ಮೇಲೆ ಇಟ್ಟೆ. ಮೂರು ಗಂಟೆ ಹೊತ್ತು ಅವರು ಸಾಯ್ತಾ ಇದ್ರು, ನಾನು ಪಕ್ಕದಲ್ಲಿ ಕೂತು ಬಟ್ಟೆ ಮಡಿಸ್ತಾ ಇದ್ದೆ. ಚೆನ್ನಾಗಿ ನಿದ್ದೆ ಬಂತಲ್ಲ ಅಂತ ಬಾಗಿಲೂ ಮುಂದೆ ಮಾಡಿದ್ದೆ, ಸದ್ದಾಗಬಾರದು ಅಂತ."

ಸಂಪಾದಕರು ಎರಡೂ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಮತ್ತೆ ಓದಿದರು. ಕನ್ನಡಕ ಕೆಳಗಿಳಿಸಿ ಒರೆಸಿದರು.

"ಪರ್ಯಾಪ್ತತೆ ಅನ್ನೋದನ್ನ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಹಾಕೋಣ," ಎಂದರು. "ಮೇಲಿನವರು ಕೇಳಿದ್ರೆ ತೋರಿಸೋಕೆ ಇರಲಿ." ಹೊಸ ಪುಟದ ಮೂಲೆಯಲ್ಲಿ ಸಹಿ ಹಾಕಿದರು.

ಅಚ್ಚಾದ ಪುಸ್ತಿಕೆಯನ್ನು ಅಣ್ಣ ನೋಡಿದ. ಹಿಡಿದುಕೊಳ್ಳಲು ಕೈಯಲ್ಲಿ ಶಕ್ತಿ ಇರಲಿಲ್ಲ. ತಂಗಿ ಪುಟ ತಿರುಗಿಸುತ್ತ ಹೋದಳು. "ನನ್ನ ಹೆಸರು ಎಲ್ಲೂ... ಇಲ್ಲವಲ್ಲೇ," ಎಂದು ಕಣ್ಣು ಮಿಟುಕಿಸಿದ. ಅದಾಗಿ ಹನ್ನೆರಡು ದಿನಕ್ಕೆ, ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ, ಮೀಟರಿನ ಸಂಖ್ಯೆ ಎಂಬತ್ತಕ್ಕಿಳಿಯಿತು, ಆಮೇಲೆ ಎಪ್ಪತ್ತಾರಕ್ಕೆ. ತಂಗಿಯ ಕೈ ಫೋನಿನ ಕಡೆ ಹೋಯಿತು. ಅತ್ತಿಗೆ ಬೇಡವೆಂದು ತಲೆಯಾಡಿಸಿದಳು. ವೈದ್ಯರು ಹೇಳಿಕೊಟ್ಟಿದ್ದ ಔಷಧಿಯ ಎರಡು ಹನಿ ನಾಲಿಗೆಯ ಕೆಳಗೆ ಬಿಟ್ಟಳು, ತಲೆಯ ಕಡೆ ದಿಂಬು ಎತ್ತರಿಸಿದಳು, ಕಿಟಕಿ ತೆರೆದಳು. ಆಮೇಲೆ ಗಂಡನ ಬೆರಳಿನಿಂದ ಮೀಟರನ್ನು ಮೆಲ್ಲಗೆ ಬಿಡಿಸಿ, ಆ ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡು ಕೂತಳು.

"ಇನ್ನು ನೋಡೋದು ಬೇಡ ಮರಿ. ಇವರನ್ನ ನೋಡೋಣ."

ಇಬ್ಬರೂ ಅವನನ್ನೇ ನೋಡುತ್ತ ಕೂತರು. ಅವನು ಒಮ್ಮೆ ಕಣ್ಣು ತೆರೆದು ಹೆಂಡತಿಯನ್ನು ನೋಡಿದ, ತಂಗಿಯನ್ನೂ ನೋಡಿದ. ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಬಾರಿಸಿಕೊಂಡು ಹೋದರು. ಹನ್ನೊಂದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಉಸಿರು ನಿಂತಿತು.

ಯಂತ್ರವನ್ನು ಕಂಪನಿಯವರು ಮುಂದಿನ ವಾರ ತೆಗೆದುಕೊಂಡು ಹೋದರು. ಮನೆಯಲ್ಲಿ ಆ ಗುಂಯ್ ಸದ್ದು ಇಲ್ಲದೆ ಮೊದಮೊದಲು ಇಬ್ಬರಿಗೂ ಮಾತಾಡಲೇ ಮುಜುಗರವಾಗುತ್ತಿತ್ತು. ಅತ್ತಿಗೆ ಊಟಕ್ಕೆ ಮೂರು ತಟ್ಟೆ ಹಾಕಿ ಒಂದನ್ನು ವಾಪಸು ಇಡುತ್ತಿದ್ದಳು. ತಂಗಿಗೆ ಹೊಸ ಕೆಲಸ ಬಂದಿತ್ತು, ಯಾವುದೋ ನೀರು ಕಾಯಿಸುವ ಉಪಕರಣದ್ದು. ಹಾಳೆಗಳ ಕಟ್ಟನ್ನು ಅವಳು ಹತ್ತು ದಿನ ಬಿಚ್ಚಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಅತ್ತಿಗೆಯೇ ಬಂದು ಮೇಜಿನ ಒಂದು ತುದಿ ಹಿಡಿದುಕೊಂಡಳು.

"ಇದನ್ನ ಕಿಟಕಿ ಹತ್ತಿರ ಹಾಕೋಣ. ಈ ಮೂಲೇಲಿ ಕೂತು ಕೂತು ನಿನ್ನ ಕಣ್ಣು ಹಾಳಾಯ್ತು. ಆ ಕಡೆ ಹಿಡಿ."

ಮಂಚವನ್ನು ಒಳಕೋಣೆಗೆ ಸರಿಸಿ, ಅದಿದ್ದ ಜಾಗದಲ್ಲಿ ಇಬ್ಬರೂ ಸೇರಿ ಮೇಜನ್ನು ಇಟ್ಟರು. ಅತ್ತಿಗೆ ಒಂದು ಕುರ್ಚಿ ತಂದಳು. ಮತ್ತೆ ಹೋಗಿ ಇನ್ನೊಂದು ತಂದು ಅದರ ಪಕ್ಕಕ್ಕೆ ಹಾಕಿ ಕೂತಳು.

"ಹೂಂ, ಓದು," ಎಂದಳು.